ಏಳು ತಲೆಮಾರಿನ ಹಾಳೆ

ಆ ಹಾಳೆಯ ಒಂದು ನಕಲು ನನ್ನ ದೇವರ ಪೆಟ್ಟಿಗೆಯಲ್ಲಿ, ಬಾಣಲಿಂಗವನ್ನಿಡುವ ಬಟ್ಟಲಿನ ಕೆಳಗೆ ಇದೆ. ವಿಶ್ವವಿದ್ಯಾಲಯದ ಪ್ರಯೋಗಾಲಯದವರು ಕುಟುಂಬದ ವಿವರಗಳನ್ನು ತುಂಬಿಸಿಕೊಳ್ಳುವ ಹಾಳೆ ಅದು. ಪ್ರಶ್ನೆಗಳು ಹಿಂದಿಯಲ್ಲಿವೆ, ಉತ್ತರಗಳು ಕನ್ನಡದಲ್ಲಿ. ಅಷ್ಟು ಹಾಳೆಗಳ ನಡುವೆ ಕನ್ನಡದಲ್ಲಿ ಬರೆದುಕೊಟ್ಟವನು ನಾನೊಬ್ಬನೇ ಎಂದು ಅಲ್ಲಿಯವರು ನಕ್ಕಿದ್ದರು. ಕೆಳಗಡೆ ಒಂದು ಪ್ರಶ್ನೆಯಿದೆ: ಕುಟುಂಬದಲ್ಲಿ ನಲವತ್ತು ವರ್ಷದೊಳಗೆ, ಕಾರಣ ತಿಳಿಯದೆ, ಹಠಾತ್ತಾಗಿ ತೀರಿಕೊಂಡವರಿದ್ದಾರೆಯೇ? ಅದರ ಮುಂದೆ ನನ್ನ ದುಂಡು ಅಕ್ಷರದಲ್ಲಿ ‘ಇಲ್ಲ’ ಎಂದಿದೆ. ಆ ಒಂದು ಉತ್ತರವನ್ನು ನಾನು ಹೇಗೆ ಬರೆದೆ ಮತ್ತು ಅದರಿಂದ ಏನಾಯಿತು ಎಂಬುದನ್ನು ಬರೆದಿಡಬೇಕಾಗಿದೆ.

ನಾನು ಹದಿನೈದನೆಯ ವಯಸ್ಸಿನಲ್ಲಿ ವೇದಾಧ್ಯಯನಕ್ಕೆಂದು ಕಾಶಿಗೆ ಬಂದವನು. ಈಗ ಎಪ್ಪತ್ತೆಂಟು ನಡೆಯುತ್ತಿದೆ. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ, ದಕ್ಷಿಣದ ಯಾತ್ರಿಕರು ಇಳಿದುಕೊಳ್ಳುವ ಛತ್ರವೊಂದರ ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ನಮ್ಮ ವಾಸ. ಇಲ್ಲಿಯೇ ಪಾಠಶಾಲೆಯಲ್ಲಿ ಯಜುರ್ವೇದ ಹೇಳಿಕೊಟ್ಟೆ, ಇಲ್ಲಿಯೇ ಸಂಸಾರ ಮಾಡಿದೆ. ಪತ್ನಿ ತೀರಿಕೊಂಡು ಹನ್ನೆರಡು ವರ್ಷ. ನಮ್ಮ ಒಬ್ಬನೇ ಮಗ, ಶಾಲೆಯೊಂದರಲ್ಲಿ ಸಂಸ್ಕೃತ ಉಪಾಧ್ಯಾಯನಾಗಿದ್ದವನು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಗಂಗೆಯಲ್ಲಿ ಈಜುತ್ತಿದ್ದಾಗ ಹೋದ. ಅವನು ಹೋದ ಮೇಲೆ ಆ ಎರಡು ಕೋಣೆಗಳಲ್ಲಿ ಉಳಿದವರು ನಾನು, ಧಾರವಾಡದ ಕಡೆಯಿಂದ ಬಂದ ಸೊಸೆ, ಮತ್ತು ಅವಳ ಮಗಳು.

ಮೊಮ್ಮಗಳಿಗೆ ಕನ್ನಡ ಮನೆಯೊಳಗಿನ ಮಾತು. ಹೊಸ್ತಿಲು ದಾಟಿದರೆ ಹಿಂದಿ, ಮೆಟ್ಟಿಲಿಳಿದು ಹಾಲಿನವನ ಹತ್ತಿರ ಹೋದರೆ ಭೋಜಪುರಿ. ‘ಅಜ್ಜಾ, ಚಟ್ನಿ ಖತಮ್, ಸಾಂಬಾರ್ ಭೀ ಖತಮ್, ಇಡ್ಲಿ ಒಂದೇ ಪಾಪ ಅಕೇಲಾ ಕೂತಿದೆ’ ಎಂದು ಒಂದೇ ಉಸಿರಿನಲ್ಲಿ ಮೂರೂರು ಸುತ್ತಿ ಬರುತ್ತಿದ್ದಳು. ನಾನು ಗದರಿದರೆ, ‘ನಿಮಗೆ ಅರ್ಥ ಆಯ್ತಲ್ಲ?’ ಎನ್ನುವಳು. ಅರ್ಥವಾಗಿರುತ್ತಿತ್ತು.

ಅವಳಿಗೆ ಎಂಟು ವರ್ಷವಾಗಿದ್ದಾಗ ಮಾಳಿಗೆಯ ಮೇಲೆ ಕೋತಿಯೊಂದು ಅವಳ ಶಾಲೆಯ ಚೀಲವನ್ನು ಕಸಿದುಕೊಂಡಿತು. ಅದನ್ನು ಅಟ್ಟಿಸಿಕೊಂಡು ಓಡಿದವಳು ಹತ್ತು ಹೆಜ್ಜೆಗೆ ಬಿದ್ದಳು. ಕಣ್ಣು ಮೇಲಾಯಿತು, ಕೈಕಾಲು ಅದುರಿದವು. ಅರ್ಧ ನಿಮಿಷದಲ್ಲಿ ಎದ್ದು ಕುಳಿತು, ‘ಚೀಲ ಸಿಕ್ತಾ?’ ಎಂದು ಕೇಳಿದಳು. ವೈದ್ಯರು ಮೂರ್ಛೆರೋಗವೆಂದು ಗುಳಿಗೆ ಕೊಟ್ಟರು. ಗುಳಿಗೆ ನುಂಗುತ್ತಿದ್ದಾಗಲೂ ಎರಡು ವರ್ಷದಲ್ಲಿ ಮತ್ತೆ ಮೂರು ಸಲ ಬಿದ್ದಳು, ಪ್ರತಿ ಸಲವೂ ಓಡುವಾಗ ಅಥವಾ ಬೆಚ್ಚಿದಾಗ. ಮಿದುಳಿನ ಚಿತ್ರದಲ್ಲಿ ದೋಷವಿರಲಿಲ್ಲ. ಇ.ಸಿ.ಜಿ. ಎಂಬ ಹೃದಯದ ಪಟ್ಟಿ ತೆಗೆದರು, ಅದೂ ಸರಿಯಾಗಿಯೇ ಇತ್ತು. ಯಂತ್ರದ ಮೇಲೆ ಓಡಿಸಿ ನೋಡುವ ಪರೀಕ್ಷೆ ಮಾಡಿದರೆ ಮಗು ಹೆದರಿ ಅರ್ಧಕ್ಕೆ ಇಳಿದುಬಿಟ್ಟಳು. ಒಬ್ಬ ವೈದ್ಯರು ಇದು ಮಿದುಳಿನದು ಎಂದರು, ಇನ್ನೊಬ್ಬರು ಹೃದಯದ್ದಿರಬಹುದು ಎಂದರು. ಎರಡಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯುವುದರ ಮೇಲೆಯೇ ಅವಳ ಬದುಕು ನಿಂತಿತ್ತು.

ಆಗ ನಮಗೆ ದೊರೆತವರು ಒಬ್ಬ ಸಂಶೋಧಕಿ. ಮೈಸೂರಿನವರು, ಜೀವವಿಜ್ಞಾನದ ಅಧ್ಯಾಪಕಿಯಾಗಿ ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಬಂದವರು. ಸೋಮವಾರ ಕೇದಾರೇಶ್ವರನ ದರ್ಶನಕ್ಕೆ ಬರುತ್ತಿದ್ದರು. ಒಮ್ಮೆ ಗಲ್ಲಿಯಲ್ಲಿ ನಿಂತು ತಲೆಯೆತ್ತಿ, ‘ಈ ಊರಲ್ಲಿ ಸಾರಿಗೆ ಇಂಗು ಹಾಕಿ ಒಗ್ಗರಣೆ ಕೊಡೋರು ಯಾರಪ್ಪ?’ ಎಂದು ಕೇಳಿದರು. ಸೊಸೆ ಕಿಟಕಿಯಿಂದ ‘ಮ್ಯಾಲೆ ಬರ್ರಿ’ ಎಂದು ಕರೆದಳು. ಅಂದಿನಿಂದ ಅವರು ಮನೆಯವರಂತಾದರು. ಊಟದ ನಂತರ ನನ್ನಲ್ಲಿ ಒಂದೆರಡು ಶ್ಲೋಕಗಳಿಗೆ ಅರ್ಥ ಹೇಳಿಸಿಕೊಳ್ಳುವುದು ಅವರ ರೂಢಿ.

ಮಗುವಿನ ಕಥೆ ಕೇಳಿದ ದಿನ ಅವರು ಶ್ಲೋಕದ ಮಾತೆತ್ತಲಿಲ್ಲ. ‘ಶಾಸ್ತ್ರಿಗಳೇ, ಮಗುವಿನ ಒಂದಿಷ್ಟು ರಕ್ತ ಕೊಡಿ. ಅವಳ ಮೈಯ ಪ್ರತಿ ಕಣದಲ್ಲೂ ಒಂದು ದೊಡ್ಡ ಗ್ರಂಥ ಇದೆ ಅಂದುಕೊಳ್ಳಿ, ಮುನ್ನೂರು ಕೋಟಿ ಅಕ್ಷರದ್ದು. ಅದನ್ನ ಓದೋಣ’ ಎಂದರು. ಆ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ನೇರವಾಗಿ ಓದಲಾಗದಂತೆ. ಯಂತ್ರವು ಅದನ್ನು ಕೋಟಿಗಟ್ಟಲೆ ಚೂರುಗಳಾಗಿ ಮಾಡಿ ಕೊಡುತ್ತದೆ. ಪ್ರತಿಯೊಂದು ಚೂರೂ ಗ್ರಂಥದ ಯಾವ ಪುಟದ್ದೆಂದು ಹುಡುಕಿ ಜೋಡಿಸಬೇಕು. ತಪ್ಪಬಾರದೆಂದು ಒಂದೊಂದು ಅಕ್ಷರವನ್ನೂ ಮೂವತ್ತು ಸಲ ಓದಿಸುತ್ತಾರೆ. ಮನುಷ್ಯರು ಕುಳಿತರೆ ಜನ್ಮಗಳು ಸಾಲವು. ಅದಕ್ಕೇ ಸೂಪರ್‌ಕಂಪ್ಯೂಟರ್.

‘ಮೂವತ್ತು ಸಲವೇ?’ ಎಂದೆ. ‘ನಾವು ಘನಪಾಠದಲ್ಲಿ ಒಂದು ಪದವನ್ನು ಹಿಂದೆ ಮುಂದೆ ತಿರುಗಿಸಿ ಹದಿಮೂರು ಸಲ ಹೇಳಿದರೆ ಜನ ಆಕಳಿಸುತ್ತಾರೆ.’

‘ನಮ್ಮ ಯಂತ್ರ ಆಕಳಿಸಲ್ಲ, ಶಾಸ್ತ್ರಿಗಳೇ. ದಕ್ಷಿಣೆಯನ್ನೂ ಕೇಳಲ್ಲ.’

ಮೊಮ್ಮಗಳು ಪಕ್ಕದಿಂದ, ‘ಹಾಗಾದ್ರೆ ಅಜ್ಜನ ನೌಕರಿ ಗಯೀ’ ಎಂದಳು.

ಒಂದು ದಿನ ನಮ್ಮನ್ನು ಆ ಮಹಾಗಣಕವಿರುವ ಕೋಣೆಗೂ ಕರೆದೊಯ್ದರು. ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟೆ. ಗುಡಿಯಲ್ಲ, ಬಿಡಬೇಕಾಗಿಲ್ಲವೆಂದು ಅವರು ಹೇಳುವಷ್ಟರಲ್ಲಿ ಮೊಮ್ಮಗಳೂ ಬಿಟ್ಟಾಗಿತ್ತು. ಒಳಗೆ ಮಾಘಮಾಸದ ನಸುಕಿನ ಚಳಿ. ಆಳೆತ್ತರದ ಕರಿಯ ಕಪಾಟುಗಳು ಸಾಲಾಗಿ ನಿಂತಿದ್ದವು. ಅವುಗಳನ್ನು ತಂಪಾಗಿಡುವ ಪಂಖಗಳ ಮೊರೆತ ಮಾತ್ರ ಕೇಳುತ್ತಿತ್ತು. ಪಾಠಶಾಲೆಯ ನಾಲ್ಕು ಕೋಣೆಗಳಲ್ಲಿ ನಾಲ್ಕು ಗುಂಪುಗಳು ಪಾಠವನ್ನು ಮರಳಿ ಮರಳಿ ಒಪ್ಪಿಸುತ್ತ ಸಂತೆ ಹೇಳುವಾಗ ಅಂಗಳದಲ್ಲಿ ನಿಂತರೆ ಅಂಥದೇ ಒಂದು ಮೊರೆತ, ಪದ ಯಾವುದೆಂದು ತಿಳಿಯದ್ದು. ನಾನು ಕೈ ಮುಗಿದೆ. ಈಗಲೂ ಅದಕ್ಕಾಗಿ ನಾಚಿಕೆಯಿಲ್ಲ. ಅಲ್ಲಿ ಸರದಿಯಲ್ಲಿ ಕೆಲಸಗಳು ಬರುತ್ತವೆಯಂತೆ: ಒಬ್ಬರದು ಕ್ಷಯದ ಕ್ರಿಮಿಗೆ ಹೊಸ ಮದ್ದು ಹೇಗೆ ಹಿಡಿಯುತ್ತದೆಂಬ ಲೆಕ್ಕ, ಇನ್ನೊಬ್ಬರದು ಮಳೆಗಾಲದ್ದು, ಮತ್ತೊಬ್ಬರದು ಗಂಗೆಯ ಹೂಳಿನದು. ಆ ಸರದಿಯಲ್ಲಿ ನನ್ನ ಮೊಮ್ಮಗಳೂ ನಿಂತಿದ್ದಳು.

‘ಇದು ಯೋಚನೆ ಮಾಡುತ್ತದೆಯೇ?’ ಎಂದು ಕೇಳಿದೆ.

‘ಇಲ್ಲ, ಎಣಿಸುತ್ತೆ ಅಷ್ಟೆ. ನಾವು ಏನು ಹೇಳಿದರೆ ಅದನ್ನ ನಂಬುತ್ತೆ.’

ಅದಕ್ಕೆ ಹೇಳಬೇಕಾದದ್ದನ್ನು ತುಂಬುವುದಕ್ಕೆಂದೇ ಆ ಹಾಳೆಯನ್ನು ನನ್ನ ಮುಂದಿಟ್ಟರು. ಒಂದು ಗ್ರಂಥಕ್ಕೂ ಇನ್ನೊಂದಕ್ಕೂ ಲಕ್ಷಾಂತರ ಕಡೆ ಅಕ್ಷರಭೇದ ಇರುತ್ತದೆಂದೂ, ಹೆಚ್ಚಿನವು ನಿರಪಾಯವೆಂದೂ ವಿವರಿಸಿದರು. ಕೇಡಿನದು ಯಾವುದೆಂದು ಹುಡುಕಲು ಮನೆಯವರ ರಕ್ತ ಬೇಕು. ಮಗುವಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ತಂದೆ ಇಲ್ಲದ್ದರಿಂದ ಅಜ್ಜನದು. ಎಪ್ಪತ್ತೆಂಟರವರೆಗೆ ಆರೋಗ್ಯವಾಗಿ ಬಾಳಿದ ಅಜ್ಜನಲ್ಲಿಯೂ ಮಗುವಿನಲ್ಲಿಯೂ ಇರುವ ಭೇದಗಳನ್ನು ಪಕ್ಕಕ್ಕಿಡಬಹುದು. ಆಗ ಹುಡುಕಾಟ ಕಿರಿದಾಗುತ್ತದೆ.

‘ಎಷ್ಟು ತಲೆಮಾರು ಬೇಕು?’ ಎಂದೆ.

‘ಮೂರು ಸಾಕು.’

‘ಏಳು ಕೊಡುತ್ತೇನೆ’ ಎಂದು ಬರೆಯಲು ಕುಳಿತೆ. ಶ್ರಾದ್ಧದಲ್ಲಿ ಅರವತ್ತು ವರ್ಷ ಹೇಳಿದ ಹೆಸರುಗಳು. ಕೈ ತಾನಾಗಿ ಬರೆಯಿತು. ಎಲ್ಲರೂ ಎಂಬತ್ತು ತೊಂಬತ್ತು ದಾಟಿದವರು. ಕೆಳಗೆ ಮಗನ ಹೆಸರು, ಅದರ ಕೆಳಗೆ ಮೊಮ್ಮಗಳದು. ಮಗ ಹೇಗೆ ಹೋದನೆಂದು ಅವರು ಕೇಳಿದರು. ಮುಳುಗಿ ಹೋದನೆಂದೆ.

‘ಈಜು ಬರುತ್ತಿರಲಿಲ್ಲವೇ?’

‘ಭಾನುವಾರಗಳಂದು ಆಚೆಯ ದಡ ಮುಟ್ಟಿ ಬರುತ್ತಿದ್ದ.’

ಅವರು ಪೆನ್ನು ಕೆಳಗಿಟ್ಟರು. ‘ಶಾಸ್ತ್ರಿಗಳೇ, ಚೆನ್ನಾಗಿ ನೆನಪು ಮಾಡಿಕೊಳ್ಳಿ. ವಂಶದಲ್ಲಿ ಇನ್ನು ಯಾರಾದರೂ ಚಿಕ್ಕ ವಯಸ್ಸಿನಲ್ಲಿ, ಹೀಗೇ ಇದ್ದಕ್ಕಿದ್ದ ಹಾಗೆ? ಒಂದು ಸಾವಿನಿಂದ ಏನೂ ಹೇಳಕ್ಕಾಗಲ್ಲ. ಎರಡಿದ್ದರೆ ಡಾಕ್ಟರು ನಾಳೆಯೇ ಹೃದಯದ ಗುಳಿಗೆ ಶುರು ಮಾಡಿಬಿಡ್ತಾರೆ.’

ನಾನು ಕಣ್ಣು ಮುಚ್ಚಿ ಏಳು ತಲೆಮಾರುಗಳನ್ನೂ ನಡೆದುಬಂದೆ. ಒಬ್ಬರೂ ಇರಲಿಲ್ಲ. ‘ಇಲ್ಲ’ ಎಂದು ಬರೆದೆ.

ಇಲ್ಲಿ ಓದುವವರಿಗೆ ಒಂದು ವಿಷಯ ಹೇಳಬೇಕು. ಆಗ ಅವರಿಗೆ ನಾನು ಹೇಳಲಿಲ್ಲ. ಆ ಮಗ ನಮಗೆ ಹುಟ್ಟಿದವನಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಆಗ ಕೆಳಗಿನ ಛತ್ರದ ಅಡುಗೆಯವರ ಹೆಂಡತಿ, ಇಪ್ಪತ್ತಾರು ವರ್ಷದ ಗಟ್ಟಿಮುಟ್ಟಾದ ಹೆಣ್ಣುಮಗಳು, ಕೇದಾರ ಘಾಟಿನ ಮೆಟ್ಟಿಲುಗಳನ್ನು ಕೊಡ ಹೊತ್ತು ಹತ್ತುತ್ತಿದ್ದವಳು ಕುಸಿದು ಅಲ್ಲಿಯೇ ಪ್ರಾಣ ಬಿಟ್ಟಳು. ಎರಡು ಗಂಡು ಮಕ್ಕಳು. ಕಿರಿಯವನಿಗೆ ಎರಡು ವರ್ಷ. ಅಡುಗೆಯವರು ಅವನನ್ನು ನಮಗೆ ಕೊಟ್ಟರು. ವಿಧಿವತ್ತಾಗಿ ದತ್ತಕಹೋಮ ಮಾಡಿದೆ. ಜಲಧಾರೆಯೊಡನೆ ಮಗುವನ್ನು ನನ್ನ ತೊಡೆಯ ಮೇಲಿಟ್ಟ ಕ್ಷಣದಿಂದ ಕೊಟ್ಟವರ ಗೋತ್ರವೂ ಪಿಂಡವೂ ಅವನಿಗೆ ಕಡಿದುಹೋದವು. ನನ್ನ ಪಿತೃಗಳು ಅವನ ಪಿತೃಗಳಾದರು. ಇದು ನನಗೆ ಒಂದು ಸಮಾಧಾನದ ಮಾತಾಗಿರಲಿಲ್ಲ, ಕಣ್ಣೆದುರಿನ ಗೋಡೆಯಷ್ಟು ನಿಜವಾಗಿತ್ತು. ಅಡುಗೆಯವರು ಹಿರಿಯ ಮಗನನ್ನು ಕರೆದುಕೊಂಡು ಊರು ಬಿಟ್ಟರು. ಪತ್ನಿ ತನ್ನ ಕೊನೆಯ ದಿನಗಳಲ್ಲಿ ನನ್ನ ಕೈಗೆ ಗಂಗೋದಕ ಹಾಕಿ, ‘ಅವನು ಬೇರೆಯ ಹೊಟ್ಟೆಯಲ್ಲಿ ಬಂದವನು ಅನ್ನೋ ಮಾತು ಈ ಮನೆಯಲ್ಲಿ ಹುಟ್ಟಕೂಡದು’ ಎಂದು ಆಣೆ ತೆಗೆದುಕೊಂಡಳು. ಮಗನಿಗೆ ತಿಳಿಯಲಿಲ್ಲ. ಸೊಸೆಗೂ ತಿಳಿದಿರಲಿಲ್ಲ.

ಆದ್ದರಿಂದ ಸಂಶೋಧಕಿ ‘ವಂಶದಲ್ಲಿ’ ಎಂದು ಕೇಳಿದಾಗ ಮೆಟ್ಟಿಲ ಮೇಲೆ ಕುಸಿದ ಆ ಹೆಣ್ಣುಮಗಳ ಮುಖ ನನ್ನ ಮನಸ್ಸಿನ ಬಾಗಿಲಿಗೂ ಬರಲಿಲ್ಲ. ನಾನು ಮುಚ್ಚಿಟ್ಟೆನೆಂದು ಹೇಳುವವರಿದ್ದಾರೆ. ಮುಚ್ಚಿಟ್ಟಿದ್ದರೆ ಒಳಗೊಳಗೇ ಗೊತ್ತಿರುತ್ತಿತ್ತು. ನನಗೆ ಗೊತ್ತಿರಲಿಲ್ಲ.

ಎರಡು ತಿಂಗಳಾಯಿತು. ಮಹಾಗಣಕವು ಮಗುವಿನ ಗ್ರಂಥವನ್ನೂ ನನ್ನದನ್ನೂ ಹೋಲಿಸಿ, ಇವರಿಬ್ಬರಿಗೂ ಯಾವ ಸಂಬಂಧವೂ ಇಲ್ಲವೆಂದು ಹೇಳಿತ್ತು. ಪ್ರಯೋಗಾಲಯದವರು ತಮ್ಮಲ್ಲಿಯೇ ರಕ್ತದ ಕೊಳವೆಗಳು ಅದಲುಬದಲಾಗಿರಬೇಕೆಂದು ಭಾವಿಸಿದರು. ಜೊತೆಗಿದ್ದ ಕೊಳವೆಗಳ ಕೆಲಸವನ್ನೆಲ್ಲ ನಿಲ್ಲಿಸಿ, ನಮ್ಮಿಂದ ಮತ್ತೆ ರಕ್ತ ತೆಗೆದುಕೊಂಡು, ಮತ್ತೆ ಸರದಿಯಲ್ಲಿ ನಿಲ್ಲಿಸಿದರು. ಇನ್ನೂ ಒಂದೂವರೆ ತಿಂಗಳು. ಉತ್ತರ ಅದೇ ಬಂತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಇಷ್ಟೇ: ಸಂಶೋಧಕಿ ಸೋಮವಾರಗಳಂದು ಬರುವುದನ್ನು ಕಡಿಮೆ ಮಾಡಿದರು, ಬಂದರೆ ನನ್ನ ಮುಖ ನೋಡದೆ ಊಟ ಮಾಡಿದರು. ಇಂಥ ವಿಷಯಗಳನ್ನು ಮನೆಯವರಿಗೆ ಹೇಳಬಾರದೆಂಬುದು ಅವರ ನಿಯಮ. ಎಷ್ಟೋ ಮನೆಗಳು ಒಡೆದಿವೆಯಂತೆ. ಹೇಳಿದರೆ ಅದು ಯಾರ ಮೇಲೆ ಬೀಳುತ್ತದೆ? ತೀರಿಹೋದ ನನ್ನ ಪತ್ನಿಯ ಮೇಲೆ, ಇಲ್ಲವೇ ಸೊಸೆಯ ಮೇಲೆ. ಸಂಶೋಧಕಿ ನಮ್ಮ ಮನೆಯ ಸಾರು ಉಂಡ ಋಣಕ್ಕೆ ಬಾಯಿ ಕಟ್ಟಿಕೊಂಡಿದ್ದರು.

ಮಗುವಿನ ಗ್ರಂಥದಲ್ಲಿ, ಹೃದಯಕ್ಕೆ ಸಂಬಂಧಿಸಿದ ಒಂದು ಕಡೆ ಅಪರೂಪದ ಅಕ್ಷರಭೇದವೊಂದು ಅವರಿಗೆ ಆಗಲೇ ಕಂಡಿತ್ತು. ಆದರೆ ಅದು ಕೇಡಿನದೋ ಅಲ್ಲವೋ ಹೇಳಲು ಆಧಾರ ಬೇಕು. ಹಾಳೆಯಲ್ಲಿ ನೋಡಿದರೆ ‘ಇಲ್ಲ’ ಎಂದಿದೆ. ವೈದ್ಯರು ಹಳೆಯ ಗುಳಿಗೆಯನ್ನೇ ಮುಂದುವರಿಸಿದರು.

ಕೊನೆಗೆ ಅವರು ಸೊಸೆಯನ್ನು ಒಬ್ಬಳನ್ನೇ ಕಂಡು, ‘ಮನೆಯಲ್ಲಿ ನಾನು ತಿಳಿದುಕೊಳ್ಳಬೇಕಾದ್ದು ಏನಾದರೂ ಇದೆಯಾ?’ ಎಂದು ಬಹಳ ಮೆಲ್ಲಗೆ ಕೇಳಿದರಂತೆ. ಸೊಸೆ ಬುದ್ಧಿವಂತೆ. ಪ್ರಶ್ನೆಯ ಒಳಗಿನ ಪ್ರಶ್ನೆ ಅವಳಿಗೆ ತಿಳಿಯಿತು. ನಾಲ್ಕು ದಿನ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದಳು. ಐದನೆಯ ದಿನ, ಮಗು ಶಾಲೆಗೆ ಹೋದ ಮೇಲೆ, ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ನನ್ನೆದುರು ಬಂದು ಕುಳಿತಳು.

‘ಮಾವನವರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮ್ಯಾಲೆ ನಿಮಗ ಸಂಶಯ ಅದ ಏನ್ರಿ?’

‘ಶಿವ ಶಿವ! ಏನಮ್ಮಾ ಇದು?’

‘ಕೂಸಿನ ರಕ್ತ ನಿಮ್ಮ ರಕ್ತಕ್ಕ ಕೂಡೂದಿಲ್ಲಂತ ಅವರು ಕೇಳಿದ ರೀತಿಯೊಳಗ ತಿಳೀತ್ರಿ. ಅದಕ್ಕ ಎರಡು ಸಲ ರಕ್ತ ತಗೊಂಡಾರ. ನಾ ದೇವರ ಮುಂದ ದೀಪ ಮುಟ್ಟಿ ಹೇಳ್ತೀನಿ...’

‘ಮುಟ್ಟಬೇಡ’ ಎಂದು ಅವಳ ಕೈ ತಡೆದೆ. ‘ನಿನ್ನದು ಏನೂ ಇಲ್ಲ. ಇದಕ್ಕೆ ಉತ್ತರ ನನ್ನ ಬಳಿ ಇದೆ. ಆದರೆ ಅದರ ಮೇಲೆ ನಿನ್ನ ಅತ್ತೆಯ ಆಣೆ ಇದೆ. ನನಗೆ ಹನ್ನೊಂದು ದಿನ ಕೊಡು.’

ಅವಳು ‘ಆತ್ರಿ’ ಎಂದು ಮೊರವನ್ನು ಮತ್ತೆ ಎಳೆದುಕೊಂಡಳು.

ಗಂಗೋದಕ ಹಿಡಿದು ಮಾಡಿದ ಆಣೆಯಿಂದ ಬಿಡುಗಡೆ ಪಡೆಯದೆ ಬಾಯಿ ತೆರೆಯುವುದು ನನಗೆ ಅಶಕ್ಯವಾಗಿತ್ತು. ಹನ್ನೊಂದು ದಿನ ನಸುಕಿನಲ್ಲಿ ಏಕಾದಶ ರುದ್ರ, ಅಭಿಷೇಕ, ಹನ್ನೊಂದನೆಯ ದಿನ ಪತ್ನಿಯ ಹೆಸರಿನಲ್ಲಿ ದಾನ, ಆ ಬಳಿಕ ಎಲ್ಲವನ್ನೂ ಹೇಳುವುದು. ಹೀಗೆ ಸಂಕಲ್ಪ ಮಾಡಿದೆ. ನನ್ನ ಮಟ್ಟಿಗೆ ಅದು ಸೊಸೆಯ ಮಾನದ ಪ್ರಶ್ನೆಯಾಗಿತ್ತು, ಹನ್ನೊಂದು ದಿನ ಕಾಯಬಹುದಾದದ್ದು. ಮಗುವಿನ ಪ್ರಾಣದ ಪ್ರಶ್ನೆಯೂ ಅದೇ ಎಂದು ಹೊಳೆಯಲಿಲ್ಲ. ಇಷ್ಟು ಓದಿದವನಿಗೆ ಅದು ಯಾಕೆ ಹೊಳೆಯಲಿಲ್ಲ ಎಂದು ಅವಳು ಒಮ್ಮೆಯೂ ಕೇಳಿಲ್ಲ. ನಾನು ದಿನವೂ ಕೇಳಿಕೊಳ್ಳುತ್ತೇನೆ.

ಅಭಿಷೇಕಕ್ಕೆ ದಿನವೂ ಹೊಸ ಗಂಗಾಜಲ ಬೇಕು. ಮೊದಲೆರಡು ದಿನ ನಾನೇ ಇಳಿದು ತಂದೆ. ಮಂಡಿ ನೋವು ನೋಡಿ ಮೊಮ್ಮಗಳು, ‘ಅಜ್ಜಾ, ಲೋಟಾ ಕೊಡಿ. ನಾನು ಇಳಿದು ಬರೋದ್ರೊಳಗೆ ನೀವು ಒಂದು ಅನುವಾಕ ಕೂಡ ಮುಗ್ಸಲ್ಲ’ ಎಂದಳು. ‘ಓಡಬಾರದು’ ಎಂದೆ. ‘ಓಡಲ್ಲ, ಪಕ್ಕಾ’ ಎಂದಳು. ಆರು ದಿನ ಹಾಗೆಯೇ ನಿಧಾನವಾಗಿ ತಂದಳು. ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡು, ತುಳುಕದಂತೆ, ಒಂದೊಂದೇ ಮೆಟ್ಟಿಲು.

ಒಂಬತ್ತನೆಯ ಬೆಳಿಗ್ಗೆ ಶಾಲೆಯಲ್ಲಿ ಚಿತ್ರದ ಸ್ಪರ್ಧೆಯಿತ್ತು. ತಡವಾಗುತ್ತದೆಂದು ಓಡಿದಳು. ಘಾಟಿನ ಹೂವಿನಾಕೆ ನೋಡುತ್ತಿದ್ದಂತೆಯೇ ಎರಡು ಮೆಟ್ಟಿಲು ಹಾರಿ ಹತ್ತಿದಳಂತೆ. ನಡುವಿನ ಹಾಸುಗಲ್ಲಿನ ಮೇಲೆ ಕುಸಿದಳಂತೆ. ನನಗೆ ಕರೆ ಕೇಳಿಸಿದಾಗ ನಾನು ಜಪದಲ್ಲಿದ್ದೆ. ಇಳಿದು ಹೋಗುವಷ್ಟರಲ್ಲಿ ಒಬ್ಬ ನಾವಿಕ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಚೊಂಬು ಕೆಳಗಿನ ಮೆಟ್ಟಿಲಲ್ಲಿ ಬಿದ್ದಿತ್ತು. ಈ ಸಲ ಅವಳು ಏಳಲಿಲ್ಲ. ಅವಳಿಗೆ ಹನ್ನೊಂದು ವರ್ಷವಾಗಿತ್ತು.

ಆ ನಾವಿಕನ ಗುರುತು ಸಿಕ್ಕಿತು. ಆರು ವರ್ಷದ ಹಿಂದೆ ನನ್ನ ಮಗನನ್ನು ನೀರಿನಿಂದ ಎತ್ತಿ ತಂದವನೂ ಅವನೇ. ಅಂದು ಅವನು, ‘ಪಂಡಿತ್‌ಜೀ, ವೋ ಡೂಬೇ ನಹೀಂ, ಸೋ ಗಯೇ’ ಎಂದಿದ್ದ. ಮುಳುಗುವವನು ಕೈಕಾಲು ಬಡಿಯುತ್ತಾನೆ, ಇವರು ನಿದ್ದೆ ಹೋದಂತೆ ನಿಂತುಬಿಟ್ಟರು ಎಂದು. ನನ್ನನ್ನು ಸಂತೈಸಲು ಹೇಳಿದ ಮಾತೆಂದುಕೊಂಡಿದ್ದೆ. ಅವನು ಕಂಡದ್ದನ್ನು ಹೇಳಿದ್ದ. ಮಗುವಿನ ಮುಖದಿಂದ ಕಣ್ಣೆತ್ತಿದಾಗ ಆ ಹಾಸುಗಲ್ಲಿನ ಗುರುತೂ ಸಿಕ್ಕಿತು. ಅದೇ ಘಾಟು, ಅದೇ ಮೆಟ್ಟಿಲುಸಾಲು. ನಲವತ್ತು ವರ್ಷಗಳ ಕೆಳಗೆ ಕೊಡ ಹೊತ್ತ ಹೆಣ್ಣುಮಗಳು ಕುಸಿದದ್ದು ಅಲ್ಲಿಯೇ. ಅಲ್ಲಿಯವರೆಗೆ ಎಲ್ಲಿತ್ತೋ ಆ ಮುಖ, ಅಂದು ಬಂತು.

ಮುಂದಿನ ಎರಡು ದಿನಗಳನ್ನು ಬರೆಯಲಾರೆ.

ಮೂರನೆಯ ದಿನ, ನಾನು ಕೇಳಿಕೊಂಡಿದ್ದ ಹನ್ನೊಂದನೆಯ ದಿನ ಕಳೆದ ಮಾರನೆಯ ದಿನ, ಸೊಸೆಯನ್ನೂ ಸಂಶೋಧಕಿಯನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಸಂಕಲ್ಪ ಅರ್ಧಕ್ಕೆ ನಿಂತಿತ್ತು, ಆಣೆ ಬಿಟ್ಟಿರಲಿಲ್ಲ. ಆಗ ಅದಾವುದೂ ಬೇಕೆನಿಸಲಿಲ್ಲ. ಸಂಶೋಧಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ‘ನಾನು ಕೇಳಬೇಕಿತ್ತು, ನೇರವಾಗಿ ಕೇಳಬೇಕಿತ್ತು’ ಎನ್ನುತ್ತಲೇ ಇದ್ದರು. ಸೊಸೆ ಅಳಲಿಲ್ಲ. ಗೋಡೆಗೆ ಒರಗಿ, ಮಗಳ ಚಿತ್ರದ ಬಣ್ಣದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ‘ಹನ್ನೊಂದು ದಿನ, ಮಾವನವರ’ ಎಂದಳು. ಅಷ್ಟೇ ಅಂದಳು. ಇಂದಿನವರೆಗೂ ಅದಕ್ಕೆ ಇನ್ನೊಂದು ಮಾತು ಸೇರಿಸಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸಂಶೋಧಕಿ ಕೇಳಿದರು: ‘ಶಾಸ್ತ್ರಿಗಳೇ, ಮಗುವಿನ ಗ್ರಂಥದ ಉಳಿದ ಲೆಕ್ಕ ಯಂತ್ರದಲ್ಲಿ ಇನ್ನೂ ಸರದಿಯಲ್ಲಿದೆ. ತೆಗೆದುಬಿಡಲೇ?’

ನಾನು ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದಳು: ‘ಬ್ಯಾಡ್ರಿ. ಆ ಅಡಗೀಯವರಿಗೆ ಇನ್ನೊಬ್ಬ ಮಗ ಇದ್ದಾನಲ್ರಿ? ಅವರ ಮನ್ಯಾಗ ಕೂಸುಗಳಿದ್ರ?’

ನಾನೂ ಸೊಸೆಯೂ ಹುಡುಕಿಕೊಂಡು ಹೋದೆವು. ಹಳೆಯ ಛತ್ರದವರನ್ನು ವಿಚಾರಿಸಿದಾಗ, ಹಿರಿಯ ಮಗ ಪ್ರಯಾಗದಲ್ಲಿ ಇಡ್ಲಿ ದೋಸೆಯ ಅಂಗಡಿ ಇಟ್ಟಿದ್ದಾನೆಂದು ತಿಳಿಯಿತು. ರೈಲಿನಲ್ಲಿ ಸೊಸೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಏನೂ ಜಪಿಸಲಿಲ್ಲ.

ಅಂಗಡಿಯ ಮುಂದೆ ನಿಂತಾಗ ಕಾವಲಿಯ ಹಿಂದಿನಿಂದ ತಲೆಯೆತ್ತಿದವನ ಹುಬ್ಬು, ಮೂಗು ನನ್ನ ಮಗನವೇ. ಸೊಸೆ ಕಂಬ ಹಿಡಿದುಕೊಂಡಳು. ನಾನು ಯಾರೆಂದು ಹೇಳಿದೆ. ಅವನು ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಕಾಲಿಗೆರಗಿದ.

‘ತಮ್ಮ ಬರಲಿಲ್ವಾ?’ ಎಂದ.

ಅವನಿಗೆ ತಿಳಿದಿರಲಿಲ್ಲ. ಹೇಳಿದೆವು. ಬೆಂಚಿನ ಮೇಲೆ ಕುಳಿತುಬಿಟ್ಟ. ‘ಕೊಟ್ಟ ಮೇಲೆ ತಿರುಗಿ ನೋಡ್ಬಾರ್ದು ಅಂತ ಅಪ್ಪ ಹೇಳಿದ್ರು. ನಾನು ಎರಡು ಸಲ ಬಂದು ನೋಡಿದೆ, ಸ್ವಾಮೀ. ಘಾಟಿನ ಮೇಲಿಂದ. ಮೀನಿನ ಹಾಗೆ ಈಜ್ತಿದ್ದ. ಕೂಗ್ಬೇಕು ಅನ್ಸ್ತು. ಕೂಗ್ಲಿಲ್ಲ.’ ಅವನ ಕಿರಿಯ ಮಗಳು ಒಳಗಿನಿಂದ ನೀರು ತಂದುಕೊಟ್ಟಳು. ಸೊಸೆ ಆ ಹುಡುಗಿಯನ್ನು ನೋಡಿ, ನನಗಿಂತ ಮೊದಲೇ ಕೇಳಿದಳು: ‘ಈಕಿಗೆ ಯಾವಾಗಾದ್ರೂ ತಲಿ ತಿರುಗಿ ಬಿದ್ದದ್ದು ಅದ ಏನ್ರಿ?’

ಎರಡು ಸಲ ಬಿದ್ದಿದ್ದಳು. ಬಿಸಿಲಿಗೆ ಇರಬೇಕೆಂದು ಮಜ್ಜಿಗೆ ಕುಡಿಸಿದ್ದರು.

ಆ ವಾರವೇ ಅವರೆಲ್ಲರ ರಕ್ತ ಬಂತು. ಈ ಸಲ ಯಂತ್ರಕ್ಕೆ ನಿಜ ಹೇಳಿದ್ದೆವು. ಮೊಮ್ಮಗಳಲ್ಲಿ ಕಂಡ ಆ ಒಂದು ಭೇದ ಅಡುಗೆಯವರ ಹಿರಿಯ ಮಗನಲ್ಲಿಯೂ ಅವನ ಕಿರಿಯ ಮಗಳಲ್ಲಿಯೂ ಅದೇ ಸ್ಥಾನದಲ್ಲಿತ್ತು. ವೈದ್ಯರು ಅಂದೇ ಅವರಿಬ್ಬರಿಗೂ ಹೃದಯದ ಗುಳಿಗೆ ಆರಂಭಿಸಿದರು. ಹುಡುಗಿಗೆ ಓಟ ನಿಷೇಧವಾಯಿತು. ಇನ್ನೂ ಒಂದು ಕೆಲಸವನ್ನು ಮಹಾಗಣಕಕ್ಕೆ ವಹಿಸಿದರು. ಹೃದಯದ ಕಣದೊಳಗೆ ಒಂದು ಅತಿಸೂಕ್ಷ್ಮವಾದ ಬಾಗಿಲು ಇದೆಯಂತೆ; ಪ್ರತಿ ಬಡಿತಕ್ಕೂ ತೆರೆದು ಮುಚ್ಚುವಂಥದು. ಆ ಬಾಗಿಲನ್ನು ಅಣು ಅಣುವಾಗಿ, ಸುತ್ತಲಿನ ನೀರು ಉಪ್ಪಿನ ಸಮೇತ, ಗಣಿತದಲ್ಲಿಯೇ ಕಟ್ಟಿ, ಅಕ್ಷರ ಬದಲಾದಾಗ ಅದು ಹೇಗೆ ವರ್ತಿಸುತ್ತದೆಂದು ನೋಡಿದರು. ಕಣ್ಣುರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತಿನ ಚಲನೆಯನ್ನು ಲೆಕ್ಕಹಾಕಲು ಸಾವಿರಾರು ಗಣಕಗಳು ಒಟ್ಟಾಗಿ ವಾರಗಟ್ಟಲೆ ದುಡಿದವು.

ಅದರ ಚಿತ್ರವನ್ನು ಸಂಶೋಧಕಿ ಪರದೆಯ ಮೇಲೆ ತೋರಿಸಿದರು. ಸುರುಳಿ ಸುರುಳಿಯಾದ ಒಂದು ಆಕೃತಿ. ನಡುವೆ ಕಿರಿದಾದ ದಾರಿ. ಮೈ ಶಾಂತವಾಗಿರುವಾಗ ಬಾಗಿಲು ಸರಿಯಾಗಿ ಮುಚ್ಚುತ್ತದೆ. ಓಡಿದಾಗ, ಬೆಚ್ಚಿದಾಗ, ಮುಚ್ಚಬೇಕಾದ ಹೊತ್ತಿನಲ್ಲಿ ಕೊಂಚವೇ ಕೊಂಚ ತೆರೆದುಕೊಂಡಿರುತ್ತದೆ. ‘ಇಷ್ಟೇ’ ಎಂದರು ಅವರು. ಸೊಸೆ ಮುಂದೆ ಬಾಗಿ ನೋಡಿದಳು. ‘ಇದು ಆಕೀದೇ ಏನ್ರಿ?’ ಎಂದು ಕೇಳಿದಳು. ‘ಅವಳದೇ’ ಎಂದರು. ಸೊಸೆ ಪರದೆಯನ್ನು ಬೆರಳ ತುದಿಯಿಂದ, ಮಗುವಿನ ಕೆನ್ನೆ ಮುಟ್ಟುವಂತೆ, ಮುಟ್ಟಿದಳು.

ನನ್ನ ಹಳೆಯ ಹಾಳೆಯನ್ನು ಆ ದಿನವೇ ತೆಗೆದರು. ಅದನ್ನು ಹರಿದು ಹೊಸದು ಬರೆದುಕೊಡುತ್ತೇನೆಂದೆ. ಹಾಗೆ ಮಾಡುವ ರೂಢಿ ಅವರಲ್ಲಿಲ್ಲ. ‘ಹರಿಯಬಾರದು, ಶಾಸ್ತ್ರಿಗಳೇ, ಗೀಚಲೂ ಬಾರದು. ಒಂದೇ ಗೆರೆ ಎಳೆಯಬೇಕು. ಕೆಳಗಿನ ತಪ್ಪು ಮುಂದಿನವರಿಗೆ ಓದಲು ಸಿಗಬೇಕು. ಪಕ್ಕದಲ್ಲಿ ಸರಿಯಾದದ್ದನ್ನ ಬರೆದು ಸಹಿ ಹಾಕಿ’ ಎಂದರು.

ಸೊಸೆಯ ಕಡೆ ಹಾಳೆ ಸರಿಸಿ, ನೀನೇ ಬರೆ ಎಂದೆ.

‘ಇಲ್ರಿ’ ಎಂದಳು. ‘ನಿಮ್ಮ ಕೈಯಿಂದನ ಬರೀರಿ.’

‘ಇಲ್ಲ’ ಎಂಬುದರ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ‘ಮೂವರು’ ಎಂದು ಬರೆದೆ. ಕೆಳಗೆ ಹೆಸರು, ಸಂಬಂಧ, ವಯಸ್ಸು ಎಂಬ ಮೂರು ಅಂಕಣಗಳು. ಅಡುಗೆಯವರ ಹೆಂಡತಿಯ ಹೆಸರನ್ನು ನಲವತ್ತು ವರ್ಷಗಳಲ್ಲಿ ಮೊದಲ ಸಲ ಬರೆದೆ. ಸಂಬಂಧದ ಅಂಕಣದ ಹತ್ತಿರ ಲೇಖನಿ ನಿಂತಿತು. ನನ್ನ ಪತ್ನಿ ನೆನಪಾದಳು, ಅವಳು ಕೈಗೆ ಹಾಕಿದ ಗಂಗೋದಕ ನೆನಪಾಯಿತು. ಕ್ಷಮಿಸು ಎಂದುಕೊಂಡು, ‘ಮಗುವಿನ ಅಜ್ಜಿ’ ಎಂದು ಬರೆದೆ. ವಯಸ್ಸು ಇಪ್ಪತ್ತಾರು. ಅದರ ಕೆಳಗೆ ಮಗನ ಹೆಸರು, ಮೂವತ್ತನಾಲ್ಕು. ಮೂರನೆಯ ಸಾಲನ್ನು ಬರೆಯ ಹೊರಟಾಗ ಅಕ್ಷರ ಕಾಣಿಸಲಿಲ್ಲ. ಸೊಸೆ ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು, ಲೇಖನಿಯನ್ನು ಸಾಲಿನ ಮೊದಲಿಗೆ ತಂದು ನಿಲ್ಲಿಸಿ, ಕೈ ತೆಗೆದುಕೊಂಡಳು. ಮೊಮ್ಮಗಳ ಹೆಸರು ಬರೆದು, ಮುಂದೆ ಹನ್ನೊಂದು ಎಂದು ಬರೆದು, ಸಹಿ ಮಾಡಿದೆ.